ಶ್ರಮಿಕಬಂಧು ಅಂಬೇಡ್ಕರ್

ವಿದ್ಯಾರ್ಥಿಯು ಒಂದು ದಿನ ಶಾಲೆಗೆ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಒಂದು ಗುರುತು ಬೀಳುತ್ತದೆ. ತಪ್ಪಿದ ಪಾಠವನ್ನು ಗೆಳೆಯರಿಂದ ಕೇಳಿ ತಿಳಿಯಬಹುದು. ಕೂಲಿಕಾರನು ಒಂದು ದಿನ ಜ್ವರದಿಂದ ಮಲಗಿದರೆ ಆ ಸಂಜೆ ಅವನ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ. ಮಾಲೂರಿನ ಹೆಂಚಿನ ಕಾರ್ಖಾನೆಗಳನ್ನೂ ಶ್ರೀನಿವಾಸಪುರದ ಮಾವಿನ ಮಂಡಿಗಳನ್ನೂ ಬಲ್ಲ ಕೋಲಾರ ಸೀಮೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡಿಯುವವನಿಗೂ ವಿಶ್ರಾಂತಿ ಬೇಕು, ಆ ವಿಶ್ರಾಂತಿಯ ದಿನಕ್ಕೂ ಕೂಲಿ ಸಲ್ಲಬೇಕು ಎಂಬುದನ್ನು ಕಾನೂನಾಗಿಸಲು ಶ್ರಮಿಸಿದವರಲ್ಲಿ ಡಾ. ಭೀಮರಾವ್ ರಾಮಜಿ ಅಂಬೇಡ್ಕರರು ಪ್ರಮುಖರು. ಸಂವಿಧಾನಶಿಲ್ಪಿಯೆಂದು ಲೋಕವೆಲ್ಲ ಬಲ್ಲ ಇವರ ಬಾಳಿನ ಈ ಮಗ್ಗುಲು ಹಲವರಿಗೆ ಅಪರಿಚಿತ.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಮಹೂ ಎಂಬ ದಂಡುಪ್ರದೇಶದಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಮುಂದೆ ಕುಟುಂಬವು ಮುಂಬಯಿಗೆ ಬಂದು, ಗಿರಣಿ ಕಾರ್ಮಿಕರು ಕಿಕ್ಕಿರಿದು ವಾಸಿಸುತ್ತಿದ್ದ ಪರೇಲಿನ ವಠಾರದಲ್ಲಿ ನೆಲೆಸಿತು. ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ಉನ್ನತ ವ್ಯಾಸಂಗ ಮಾಡಿ ಬ್ಯಾರಿಸ್ಟರರಾಗಿ ಮರಳಿದ ಮೇಲೂ ಅವರು ಆ ನೆರೆಹೊರೆಯನ್ನು ಮರೆಯಲಿಲ್ಲ.

1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಮುಂದೆ ಹೆರಿಗೆ ಭತ್ಯೆಯ ಮಸೂದೆಯೊಂದು ಬಂದಿತು. ಇದು ಕೈಗಾರಿಕೆಗೆ ಹೊರೆಯೆಂಬ ಆಕ್ಷೇಪಕ್ಕೆ ಅಂಬೇಡ್ಕರರು ಮಣಿಯಲಿಲ್ಲ. ತಾಯಿಗೆ ಹೆರಿಗೆಯ ಹಿಂದುಮುಂದೆ ಬಿಡುವು ದೊರೆಯುವುದು ದೇಶದ ಹಿತವೇ ಆಗಿರುವುದರಿಂದ ಸರ್ಕಾರವೂ ಅದರ ವೆಚ್ಚದಲ್ಲಿ ಪಾಲು ಹೊರಬೇಕೆಂದು ಅವರು ವಾದಿಸಿದರು. ಮರುವರ್ಷ ಅದು ಕಾಯಿದೆಯಾಯಿತು.

ಆ ಕಾಲದ ಕೆಲವು ಗಿರಣಿಗಳಲ್ಲಿ ಒಂದು ದಿನ ಬಾರದವನಿಗೆ ಎರಡು ದಿನದ ಕೂಲಿಯನ್ನು ಕಡಿಯುವ ಪದ್ಧತಿಯಿತ್ತು. ಗೈರುಹಾಜರಾದಷ್ಟು ಕಾಲದ ಕೂಲಿಯನ್ನು ಮಾತ್ರ ಕಳೆಯಬೇಕೆಂಬ ನಿಯಮವು 1936ರ ವೇತನ ಪಾವತಿ ಕಾಯಿದೆಯಿಂದ ಬಂದಿತು. ಇದು ಅಂಬೇಡ್ಕರರು ರಚಿಸಿದ ಕಾಯಿದೆಯಲ್ಲ. ಅದರಲ್ಲೊಂದು ಮುಳ್ಳೂ ಇತ್ತು: ಹತ್ತು ಮಂದಿಯೋ ಹೆಚ್ಚೋ ಒಟ್ಟಾಗಿ, ಕರಾರಿನಂತೆ ಕೊಡಬೇಕಾದ ಮುನ್ಸೂಚನೆಯನ್ನು ಕೊಡದೆ ಕೆಲಸಕ್ಕೆ ಗೈರಾದರೆ, ಎಂಟು ದಿನಗಳವರೆಗಿನ ಕೂಲಿಯನ್ನು ಕಳೆಯಬಹುದಾಗಿತ್ತು. ಅದೇ ವರ್ಷ ಅಂಬೇಡ್ಕರರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದರು. 1938ರಲ್ಲಿ ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯ ವಿರುದ್ಧ ಮುಂಬಯಿಯ ಕಾರ್ಮಿಕರೊಡನೆ ಹೋರಾಟಕ್ಕಿಳಿದರು.

1942ರಲ್ಲಿ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಅವರ ಅವಧಿಯಲ್ಲೇ, 1945ರಲ್ಲಿ, ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ ವೇತನಸಹಿತ ರಜೆಯು ಹಕ್ಕಾಯಿತು. ಹನ್ನೆರಡು ತಿಂಗಳು ಎಡೆಬಿಡದೆ ದುಡಿದ ವಯಸ್ಕನಿಗೆ 10 ದಿನ, ಬಾಲಕಾರ್ಮಿಕನಿಗೆ 14 ದಿನ. ನಿಮ್ಮ ವಯಸ್ಸಿನವರೂ ಅಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆಂಬುದನ್ನು ಈ ಎರಡನೆಯ ಅಂಕಿಯೇ ಹೇಳುತ್ತದೆ. 1946ರ ತಿದ್ದುಪಡಿಯು ವಾರದ ದುಡಿಮೆಯನ್ನು 54 ಗಂಟೆಗಳಿಂದ 48 ಗಂಟೆಗಳಿಗೆ ಇಳಿಸಿತು.

ಆದರೆ ಈ ಕಾಯಿದೆಗಳು ಬ್ರಿಟಿಷ್ ಇಂಡಿಯಾದವು. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕೋಲಾರದ ಚಿನ್ನದ ಗಣಿಗಳಿಗೆ ಅವು ಅನ್ವಯಿಸಲಿಲ್ಲ. ಅಂಬೇಡ್ಕರರ ಅಧ್ಯಕ್ಷತೆಯ ಸಮಿತಿಯು ಕರಡು ಸಿದ್ಧಪಡಿಸಿದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಿತು. ಕೆಲಸದ ಸ್ಥಿತಿಗತಿಗಳು ನ್ಯಾಯವಾಗಿಯೂ ಮಾನವೀಯವಾಗಿಯೂ ಇರಬೇಕು, ಹೆರಿಗೆಯ ಸೌಲಭ್ಯ ದೊರೆಯಬೇಕು ಎಂದು ಅದರ 42ನೆಯ ಅನುಚ್ಛೇದವು ರಾಜ್ಯಕ್ಕೆ ನಿರ್ದೇಶಿಸಿತು. 1952ರ ಗಣಿ ಕಾಯಿದೆಯಿಂದ ನೆಲದಾಳದಲ್ಲಿ ಬಂಡೆ ಕೊರೆಯುವವರಿಗೂ ವೇತನಸಹಿತ ವಾರ್ಷಿಕ ರಜೆ ದೊರೆಯಿತು. ಅಂಬೇಡ್ಕರರು ಅದಾಗಲೇ ಮಂತ್ರಿಪದವಿಯನ್ನು ತ್ಯಜಿಸಿದ್ದರು. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು.

1945ರ ಆ 10 ದಿನಗಳು ವರ್ಷವಿಡೀ ನಡೆಯುವ ಕಾರ್ಖಾನೆಯ ಕಾರ್ಮಿಕರಿಗೆ ಮಾತ್ರ ಮೀಸಲಾಗಿದ್ದವು. ಮಾವಿನ ಸುಗ್ಗಿಯಲ್ಲಿ ಮಂಡಿಯಿಂದ ಮಂಡಿಗೆ ಹಣ್ಣು ಹೊರುವ ದಿನಗೂಲಿಯವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಹನ್ನೆರಡು ತಿಂಗಳು ಉಳಿಯುತ್ತಿರಲಿಲ್ಲ.