ಶಿವನಸಮುದ್ರದ ಕರೆಂಟು ತಂದವರು ವಿಶ್ವೇಶ್ವರಯ್ಯ ಅಲ್ಲ! ಹಾಗಾದರೆ ಯಾರು?

ಸೆಪ್ಟೆಂಬರ್ 15 ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಸುತ್ತುವುದುಂಟು: ಶಿವನಸಮುದ್ರದ ವಿದ್ಯುತ್ ಕೇಂದ್ರ ಕಟ್ಟಿಸಿದ್ದು ಸರ್ ಎಂ.ವಿ. ಎಂದು. ಇದು ತಪ್ಪು. ಮಳವಳ್ಳಿ ತಾಲ್ಲೂಕಿನ ಆ ಕೇಂದ್ರ ಶುರುವಾಗಿದ್ದು 1902ರ ಜೂನ್ 30ರಂದು. ವಿಶ್ವೇಶ್ವರಯ್ಯನವರು ಆಗ ಮುಂಬಯಿ ಪ್ರಾಂತ್ಯದ ನೌಕರಿಯಲ್ಲಿದ್ದರು, ಮೈಸೂರಿಗೆ ಬಂದಿದ್ದು 1909ರಲ್ಲಿ.

ಯೋಜನೆಗೆ ಜೀವ ಕೊಟ್ಟವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. 1845ರಲ್ಲಿ ಪಾಲಕ್ಕಾಡ್ ಕಡೆ ಹುಟ್ಟಿ, ಕಾನೂನು ಓದಿ, 1883ರಿಂದ 18 ವರ್ಷ ದಿವಾನರಾಗಿದ್ದರು. ಅವರು ಎಂಜಿನಿಯರ್ ಅಲ್ಲ. ಆದರೂ ಎ.ಜೆ. ಡಿ ಲಾಟ್‌ಬಿನಿಯೇರ್ ಎಂಬ ಸೇನಾ ಎಂಜಿನಿಯರ್ ಕಾವೇರಿಯಿಂದ ಕರೆಂಟು ತೆಗೆಯಬಹುದು ಎಂದಾಗ ನಂಬಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಯಂತ್ರಗಳು ಬಂದವು.

ಕರೆಂಟು ಯಾರಿಗೆ? ಮಂಡ್ಯಕ್ಕಲ್ಲ, ಮದ್ದೂರಿಗಲ್ಲ. ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ! ಲಂಡನ್ನಿನ ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಗಣಿಗಳಲ್ಲಿ ಉಗಿಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಸುಟ್ಟು ಖರ್ಚು ವಿಪರೀತವಾಗಿತ್ತು. ಬೆಂಗಳೂರಿನ ಬೀದಿಗೆ ಈ ಬೆಳಕು ಬಂದಿದ್ದೂ 1905ರಲ್ಲಿ.

ಗಣಿಗೆ ತಂತಿ ಯಾಕಷ್ಟು ಮುಖ್ಯ ಗೊತ್ತಾ? ಕೆಳಗಿರುವವರ ಜೀವ ಮೇಲಿನವರ ಕೈಯಲ್ಲಿ. ತೊಟ್ಟಿಲು ಎಳೆಯುವ ಯಂತ್ರದವನಿಗೆ ಕೆಳಗಿನವರು ಕಾಣುವುದಿಲ್ಲ, ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೇ ಗಂಟೆಯ ಸಂಕೇತ. ತೊಟ್ಟಿಲು ಓಡುತ್ತಿರುವಾಗ ಒಂದು ಬಡಿತ ಎಂದರೆ ನಿಲ್ಲಿಸು. ನಿಂತಿರುವಾಗ ಅದೇ ಒಂದು ಬಡಿತ ಎಂದರೆ ಮೇಲೆತ್ತು. ಎರಡು ಎಂದರೆ ಇಳಿಸು. ಮೂರು ಎಂದರೆ ಹತ್ತುತ್ತಿರುವುದು ಅದಿರಲ್ಲ, ಮನುಷ್ಯರು, ಹುಷಾರು! ಲೆಕ್ಕ ತಪ್ಪಿದರೆ ಪ್ರಾಣವೇ ಹೋಗಬಹುದು. ಎಳೆದು ಬಾರಿಸುವ ಗಂಟೆ ಆಳ ಹೆಚ್ಚಿದಂತೆ ಕಷ್ಟ. ವಿದ್ಯುತ್ ಗಂಟೆ, ತಂತಿ ಟೆಲಿಫೋನು ಬಂದ ಮೇಲೆ ಗಣಿಗಳಲ್ಲಿ ಇದು ಸುಲಭವಾಯಿತು. ಕೆ.ಜಿ.ಎಫ್. ಗಣಿ ಕೊನೆಗೆ 3 ಕಿ.ಮೀ.ಗೂ ಹೆಚ್ಚು ಆಳ ಹೋಯಿತು.

ಮೊಬೈಲ್ ಇದ್ದರೆ ಸಾಕಿತ್ತಲ್ಲ ಎನ್ನಬೇಡಿ. ಮೊಬೈಲ್ ತರಂಗ ಕೆಲವೇ ಮೀಟರ್ ಬಂಡೆಯಲ್ಲಿ ಸತ್ತುಹೋಗುತ್ತದೆ. ಇಂದಿಗೂ ಸಾಮಾನ್ಯವಾಗಿ ಗಣಿಯೊಳಗೆ ಕೇಬಲ್ ಎಳೆಯುತ್ತಾರೆ, ಎಷ್ಟೋ ಕಡೆ ವೈರ್‌ಲೆಸ್ ಸೆಟ್‌ಗೂ ಕೇಬಲ್ಲೇ ಆಂಟೆನಾ.

ಇನ್ನು ವಿಶ್ವೇಶ್ವರಯ್ಯನವರ ಪಾಲೇ ಇಲ್ಲವೇ? ಇದೆ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಗೆ ಕರೆಂಟು ಕಡಿಮೆಯಾಗುತ್ತಿತ್ತು. ಕನ್ನಂಬಾಡಿ ಕಟ್ಟೆಗೆ ಅದೂ ಒಂದು ಕಾರಣ.

ಶೇಷಾದ್ರಿ ಅಯ್ಯರ್ ಮಾತ್ರ ಕರೆಂಟು ಹರಿದಿದ್ದನ್ನು ನೋಡಲಿಲ್ಲ. 1901ರ ಸೆಪ್ಟೆಂಬರ್ 13ರಂದು, ಒಂಬತ್ತು ತಿಂಗಳು ಮೊದಲೇ ತೀರಿಕೊಂಡರು. ಗಣಿ 2001ರಲ್ಲಿ ಮುಚ್ಚಿತು. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ ಇದೆ, ಶೇಷಾದ್ರಿಪುರಂ ಅವರದೇ ಹೆಸರು.