ತೇಜಸ್ವಿಯ ಕಂಪ್ಯೂಟರ್ ಹಟ

ಬೆಳ್ತಂಗಡಿಯಿಂದ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರ, ಅಲ್ಲಿಂದ ಮುಂದೆ ಮೂಡಿಗೆರೆ. ಪೂರ್ಣಚಂದ್ರ ತೇಜಸ್ವಿ ಬದುಕಿ ಬರೆದದ್ದು ಅಲ್ಲಿ. ಮಳೆಗಾಲದಲ್ಲಿ ಬೈಕೇರಿ ಆ ದಾರಿ ಹಿಡಿಯುವ ಬಂಟ್ವಾಳ, ಮೂಡುಬಿದಿರೆ ಕಡೆಯ ಹುಡುಗ ಹುಡುಗಿಯರಿಗೆ ಅವರು ಕರ್ವಾಲೋ ಬರೆದವರು, ಹಕ್ಕಿ ಫೋಟೊ ತೆಗೆದವರು. ಹೆಚ್ಚೆಂದರೆ ವಾಟ್ಸಾಪ್ ಸ್ಟೇಟಸ್‌ಗೆ ಸಾಲು ಒದಗಿಸುವವರು. ಬದುಕಿನ ಕೊನೆಯ ವರ್ಷಗಳಲ್ಲಿ ಈ ಮನುಷ್ಯ ಕನ್ನಡ ಬಲ್ಲ ಕಂಪ್ಯೂಟರ್ ಬೇಕು ಅಂತ ಹಟ ಹಿಡಿದು ಕೂತಿದ್ದರು ಅನ್ನೋದು ಅಷ್ಟಾಗಿ ಚರ್ಚೆಗೆ ಬರೋದಿಲ್ಲ. ಸಾಹಿತ್ಯದವರು ಅದನ್ನು ಹವ್ಯಾಸದ ಪಟ್ಟಿಗೆ ಸೇರಿಸಿ ಮುಂದೆ ಹೋಗ್ತಾರೆ, ಟೆಕ್ ಜನಕ್ಕೆ ಅವರು ಸಾಹಿತಿ. ನನ್ನ ಪ್ರಕಾರ ಅದು ಹವ್ಯಾಸ ಅಲ್ಲ, ರಾಜಕೀಯ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಕುವೆಂಪು ಮಗ, ಮೈಸೂರಲ್ಲಿ ಕನ್ನಡ ಎಂ.ಎ. ಮಾಡಿದವರು. ಅಂಥವರು ಆ ಕಾಲದಲ್ಲಿ ಮೇಷ್ಟ್ರಾಗೋದು ಸಹಜ. ಇವರು ಮೂಡಿಗೆರೆಗೆ ಹೋಗಿ ಕಾಫಿ ಗಿಡ ನೆಟ್ಟರು. 1966ರಲ್ಲಿ ರಾಜೇಶ್ವರಿ ಅವರನ್ನು ಪುರೋಹಿತರಿಲ್ಲದೆ, ಅಪ್ಪ ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆಯಾದರು. ಲೋಹಿಯಾ ಅವರನ್ನು ಓದಿ ಸಮಾಜವಾದಿಯಾದರು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯಕ್ಕೆ ಬೆನ್ನು ತಿರುಗಿಸಿದರು, ಮರುವರ್ಷ ಬರಹಗಾರರ ಮತ್ತು ಕಲಾವಿದರ ಒಕ್ಕೂಟ ಕಟ್ಟಲು ಓಡಾಡಿದರು. ಬೇರೆಯವರು ಹಾಕಿಕೊಟ್ಟ ಅಚ್ಚಿನಲ್ಲಿ ಕೂರುವ ಆಸಾಮಿಯೇ ಅಲ್ಲ.

ಇನ್ನೊಂದು ಗುಣ, ಕೈಗೆ ಸಿಕ್ಕಿದ್ದನ್ನು ಬಿಚ್ಚೋದು. ಸ್ಕೂಟರ್, ಕ್ಯಾಮೆರಾ ಯಾವುದೇ ಇರಲಿ, ಒಳಗೇನಿದೆ ಅಂತ ನೋಡದೆ ಬಿಡುತ್ತಿರಲಿಲ್ಲ. ಪುಸ್ತಕ ಮಾಡೋದೂ ಅವರಿಗೆ ರಿಪೇರಿ ಕೆಲಸದ ಥರವೇ. ‘ಪುಸ್ತಕ ಪ್ರಕಾಶನ’ ಅಂತ ಸ್ವಂತ ಸಂಸ್ಥೆ ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ತಂದರು. ಕಂಪ್ಯೂಟರ್ ಅವರ ಬದುಕಿಗೆ ಬಂದದ್ದು ಈ ಬಾಗಿಲಿನಿಂದ. ಪುಟ ಕಟ್ಟಬೇಕು, ಚಿತ್ರ ಕೂರಿಸಬೇಕು, ಕನ್ನಡ ಟೈಪ್ ಮಾಡಬೇಕು. ಮೊದಲೆರಡು ಆಯ್ತು. ಮೂರನೆಯದರಲ್ಲಿ ಗಾಡಿ ಸಿಕ್ಕಿಹಾಕಿಕೊಂಡಿತು.

ಯಾಕೆ ಅನ್ನೋದನ್ನು ಇವತ್ತು ಫೋನಲ್ಲಿ ಸಲೀಸಾಗಿ ಕನ್ನಡ ಕುಟ್ಟುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1981ರಲ್ಲಿ ಬಂದ ಐಬಿಎಂ ಪಿಸಿಯ ದೊಡ್ಡ ಗುಣವೇ ಅದು ಬಿಡಿಭಾಗಗಳ ಯಂತ್ರ ಅನ್ನೋದು. ಮಾನಿಟರ್ ಒಬ್ಬರದ್ದು, ಕೀಬೋರ್ಡ್ ಇನ್ನೊಬ್ಬರದ್ದು, ಹಾರ್ಡ್ ಡಿಸ್ಕ್ ಮತ್ತೊಬ್ಬರದ್ದು. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಡಿಟಿಪಿ ಅಂಗಡಿಗೆ ಬಂದ ಅಸೆಂಬಲ್ಡ್ ಪಿಸಿಗಳು ಹಾಗೆ ಜೋಡಿಸಿದವೇ. ಕೆಟ್ಟ ಭಾಗ ಕಿತ್ತು ಬೇರೆ ಹಾಕಿದರೆ ಮುಗೀತು. ಆದರೆ ಅದೇ ಯಂತ್ರದೊಳಗಿನ ಕನ್ನಡ ಮಾತ್ರ ಬಿಚ್ಚಲಾಗದ ಗಂಟು. ಪ್ರತಿ ಕಂಪನಿಯೂ ಅಕ್ಷರಗಳನ್ನು ಚೂರು ಮಾಡಿ, ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಜಾಗಗಳಲ್ಲಿ ತನಗೆ ಬೇಕಾದಂತೆ ತುರುಕಿತ್ತು. ತಲೆಕಟ್ಟು ಒಂದು ಕಡೆ, ಗುಡಿಸು ಒಂದು ಕಡೆ, ಒತ್ತು ಇನ್ನೆಲ್ಲೋ. ಕಂಪ್ಯೂಟರ್‌ಗೆ ಅದು ಕನ್ನಡ ಅಂತಲೇ ಗೊತ್ತಿರಲಿಲ್ಲ. ಒಂದು ತಂತ್ರಾಂಶದಲ್ಲಿ ಮಾಡಿದ ಮದುವೆ ಕಾಗದ ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ. ಅಕಾರಾದಿಯಾಗಿ ಹೆಸರು ಜೋಡಿಸೋಕಾಗದು, ಹುಡುಕೋಕಾಗದು. ಮೇಲಾಗಿ ದುಡ್ಡು ಕೊಟ್ಟು ಕೊಂಡ ತಂತ್ರಾಂಶ ನಡೆಯಬೇಕಾದರೆ ಕಂಪ್ಯೂಟರಿನ ಹಿಂದೆ ಬೀಗದಂಥ ತುಂಡೊಂದು ಸಿಕ್ಕಿಸಬೇಕು. ಡಾಂಗಲ್ ಅಂತಾರೆ. ಅದು ಹೋದರೆ ನಿಮ್ಮ ಕನ್ನಡವೂ ಹೋಯ್ತು.

ಅಕ್ಷರಕ್ಕೆ ಬೀಗ ಬೀಳೋದು ಮೂಡುಬಿದಿರೆಯವರಿಗೆ ಹೊಸ ಕಥೆಯೇನಲ್ಲ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಹಳೆಗನ್ನಡ ಲಿಪಿಯ ಧವಲಾ ತಾಳೆಗರಿಗಳು ಶತಮಾನಗಳ ಕಾಲ ಪೂಜೆಗಷ್ಟೇ ಸಿಗುತ್ತಿದ್ದವು, ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡೋದು ಶುರುವಾಗಿ, ಅಚ್ಚಾಗಿ ಹೊರಬರಲು ಆರಂಭವಾದದ್ದು 1939ರಲ್ಲಿ. ಕಾವಲು ಕಾದವರಿಂದಲೇ ಅವು ಉಳಿದವು ಅನ್ನೋದೂ ನಿಜ. ಡಾಂಗಲ್ ಮಾರಿದವರಿಗೆ ಆ ಗೌರವ ಕೊಡೋದು ಕಷ್ಟ.

ಬೀಗ ಮುರಿಯೋ ಪ್ರಯತ್ನಗಳೂ ನಡೆದವು. ಗುರುಪುರ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಧ್ವನಿಗಳ ಲೆಕ್ಕದಲ್ಲಿ ಕೀಲಿಮಣೆ ರೂಪಿಸಿ, ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಪುಕ್ಕಟೆ ಹಂಚಿದರು. ಇವತ್ತು ಸರ್ಕಾರಿ ಕಚೇರಿಗಳಲ್ಲಿ ಕುಟ್ಟುವ ವಿನ್ಯಾಸದ ಬೇರು ಆ ಕೀಲಿಮಣೆಯಲ್ಲೇ ಇದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’.

ತೇಜಸ್ವಿ ಇಷ್ಟಕ್ಕೆ ಸಮಾಧಾನ ಆಗಲಿಲ್ಲ. ಅವರ ವಾದವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಕನ್ನಡ ಕಂಪ್ಯೂಟರಿನ ಮೇಲೆ ಅಂಟಿಸಿದ ಸ್ಟಿಕ್ಕರ್ ಥರ ಇರಬಾರದು. ಕಚೇರಿ, ಪಹಣಿ, ಪಾಠ, ಅಂಗಡಿ ಲೆಕ್ಕ ಎಲ್ಲಾ ಕಡೆ ಕೆಲಸ ಮಾಡಬೇಕು. ಅದು ಯಾರೋ ಒಬ್ಬರ ಕೈಲಿ ಇರಬಾರದು. ಕಂಪ್ಯೂಟರಿನಲ್ಲಿ ನಡೆಯದ ಭಾಷೆ ಅಡುಗೆಮನೆಗೆ ಸೀಮಿತವಾಗುತ್ತೆ ಎಂಬ ಭಯ ಅವರದ್ದು. ಗಡಿ, ನಾಮಫಲಕಗಳ ಕನ್ನಡ ಹೋರಾಟದ ನಡುವೆ ಈ ಮಾತು ಆಗ ವಿಚಿತ್ರ ಅನ್ನಿಸಿರಬೇಕು.

ಮಾತಾಡಿ ಸುಮ್ಮನಾಗಲಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿದರು. ಆಗ ಕುಲಪತಿಯಾಗಿದ್ದವರು ಬಂಟ್ವಾಳ ತಾಲೂಕಿನ ಪುಣಚದ ಬಿ.ಎ. ವಿವೇಕ ರೈ. ಹಾಸನದ ಮಾರುತಿ ತಂತ್ರಾಂಶ ಅಭಿವೃದ್ಧಿಕಾರರು ಕೋಡ್ ಬರೆದರು. ಹೀಗೆ ಬಂದದ್ದು ‘ಕುವೆಂಪು ಕನ್ನಡ ತಂತ್ರಾಂಶ’. ಬೆಂಗಳೂರಿನ ಐಟಿ ಪಾರ್ಕ್‌ಗಳು ಅಮೆರಿಕದ ಬ್ಯಾಂಕುಗಳಿಗೆ ಕೋಡ್ ಬರೀತಿದ್ದ ಹೊತ್ತಲ್ಲಿ, ಒಂದು ಕಾಫಿ ತೋಟ, ಒಂದು ಹಂಪಿ, ಒಂದು ಹಾಸನ ಸೇರಿ ಮಾಡಿದ ಕೆಲಸ ಇದು. ‘ಕರ್ವಾಲೋ’ ಓದಿದವರಿಗೆ ಇದು ಪರಿಚಿತ ಅನ್ನಿಸಬಹುದು. ಅಲ್ಲೂ ಹಾರುವ ಓತಿ ಹುಡುಕಲು ವಿಜ್ಞಾನಿಯೊಬ್ಬರಿಗೆ ಮಂದಣ್ಣನೇ ಬೇಕಾಗಿತ್ತು.

ಆದರೆ ಹತ್ತು ತಂತ್ರಾಂಶಗಳ ಗೊಂದಲಕ್ಕೆ ಹನ್ನೊಂದನೆಯ ತಂತ್ರಾಂಶ ಮದ್ದಾಗೋದಿಲ್ಲ. ಇಲ್ಲಿ ತೇಜಸ್ವಿ ಹಿಡಿದ ದಾರಿ ಅರ್ಧ ಮಾತ್ರ ಸರಿ ಅಂತ ನನಗನ್ನಿಸುತ್ತೆ. ಬೇಕಾಗಿದ್ದದ್ದು ಎಲ್ಲರೂ ಒಪ್ಪುವ ಒಂದೇ ಸಂಕೇತ. ಅಕ್ಷರದ ಸಂಕೇತ ಬೇರೆ, ಅದರ ಚಿತ್ರವಾದ ಫಾಂಟ್ ಬೇರೆ, ಕೀಲಿಮಣೆ ಬೇರೆ. ಹಾಗೆ ಬಿಡಿಸಿಟ್ಟರೆ ಯಾವುದನ್ನು ಬೇಕಾದರೂ ಬದಲಿಸಬಹುದು, ಅಸೆಂಬಲ್ಡ್ ಪಿಸಿಯ ಹಾಗೆ. ಆ ಸಂಕೇತ 1991ರಿಂದಲೇ ಯುನಿಕೋಡ್‌ನಲ್ಲಿತ್ತು, ಕನ್ನಡಕ್ಕೆ ಅಲ್ಲಿ 128 ಸ್ಥಾನಗಳ ಜಾಗ ಮೀಸಲಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಕನ್ನಡದ ಫಾಂಟೂ ಬಂತು. ಅದರ ಹೆಸರು ತುಂಗಾ, ತೇಜಸ್ವಿಯವರ ತೀರ್ಥಹಳ್ಳಿಯ ಹೊಳೆ! ಅದನ್ನು ಹಿಡಿದು ಸರ್ಕಾರ ಆಗಲೇ ಗಟ್ಟಿಯಾಗಿ ನಿಂತಿದ್ದರೆ ಹತ್ತು ವರ್ಷ ಉಳಿಯುತ್ತಿತ್ತು. ಅದಕ್ಕೆ ತೇಜಸ್ವಿಯನ್ನು ದೂರಿ ಪ್ರಯೋಜನವಿಲ್ಲ. ತೀರ್ಮಾನ ತೆಗೆದುಕೊಳ್ಳಬೇಕಾದ ಕುರ್ಚಿಯಲ್ಲಿ ಅವರು ಇರಲಿಲ್ಲ, ಇದ್ದವರಿಗೆ ಅವಸರ ಇರಲಿಲ್ಲ.

2007ರ ಏಪ್ರಿಲ್ 5ರಂದು ಮೂಡಿಗೆರೆಯ ಮನೆ ‘ನಿರುತ್ತರ’ದಲ್ಲಿ ಅವರು ತೀರಿಕೊಂಡರು. 68 ವರ್ಷ. ಕರ್ನಾಟಕ ಸರ್ಕಾರ ಯುನಿಕೋಡನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2012ರಲ್ಲಿ. ಕೊಟ್ಟಿಗೆಹಾರದಲ್ಲೀಗ ಅವರ ಹೆಸರಿನ ಪ್ರತಿಷ್ಠಾನ ಇದೆ. ಘಾಟಿ ಇಳಿದು ಬಂದರೆ ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಯಕ್ಷಗಾನದ ಕರಪತ್ರದ ಮ್ಯಾಟರ್ ವಾಟ್ಸಾಪ್‌ನಲ್ಲಿ ಯುನಿಕೋಡ್ ಆಗಿ ಬರುತ್ತೆ. ಅದನ್ನು ಹಳೇ ನುಡಿ ಫಾಂಟಿಗೆ ಪರಿವರ್ತಿಸಿ, ಹಾಳಾದ ಅರ್ಕಾವೊತ್ತುಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದಿ, ಆಮೇಲೆ ಪ್ರಿಂಟಿಗೆ ಕೊಡ್ತಾರೆ.