ತೂತಿನ ಕಾರ್ಡಿನಲ್ಲಿ ವ್ಯಾಪಾರದ ಲೆಕ್ಕ: ಹರ್ಮನ್ ಹಾಲರಿತ್

ಕಂಪ್ಯೂಟರ್ ಬರುವ ಮೊದಲು ದೊಡ್ಡ ಕಂಪನಿಗಳು ತಮ್ಮ ಲೆಕ್ಕವನ್ನು ಹೇಗೆ ನಿಭಾಯಿಸುತ್ತಿದ್ದವು ಎಂಬ ಕುತೂಹಲದಿಂದ ನಾನು ಹರ್ಮನ್ ಹಾಲರಿತ್ ಅವರ ಜೀವನವನ್ನು ಓದಿದೆ. ಅವರು ಹುಟ್ಟಿದ್ದು 1860ರಲ್ಲಿ, ಅಮೆರಿಕದ ಬಫಲೋ ನಗರದಲ್ಲಿ. ಎಂಜಿನಿಯರಿಂಗ್ ಮುಗಿಸಿ 1880ರ ಜನಗಣತಿಯ ಕೆಲಸಕ್ಕೆ ಸೇರಿದರು. ಗುಮಾಸ್ತರು ಕೈಯಿಂದಲೇ ಎಣಿಸಬೇಕಿದ್ದ ಆ ಗಣತಿಯ ಲೆಕ್ಕ ಮುಗಿಯಲು ಏಳೆಂಟು ವರ್ಷ ಹಿಡಿಯಿತು.

ರೈಲಿನ ಕಂಡಕ್ಟರ್ ಪ್ರಯಾಣಿಕರ ಚಹರೆಯನ್ನು ಟಿಕೆಟಿನಲ್ಲಿ ತೂತು ಹಾಕಿ ಗುರುತಿಸುವುದನ್ನು ಅವರು ಕಂಡಿದ್ದರು. ಅದೇ ಉಪಾಯದಿಂದ ಒಬ್ಬರಿಗೆ ಒಂದು ಕಾರ್ಡು, ಒಂದು ವಿವರಕ್ಕೆ ಒಂದು ತೂತು ಎಂದು ಗೊತ್ತುಮಾಡಿದರು. ತೂತಿನಲ್ಲಿ ಸೂಜಿ ಇಳಿದು ಪಾದರಸ ಮುಟ್ಟಿದರೆ ವಿದ್ಯುತ್ ಹರಿದು ಎಣಿಕೆಯ ಮುಳ್ಳು ಮುಂದೆ ಸರಿಯುತ್ತಿತ್ತು. 1890ರಲ್ಲಿ 6 ಕೋಟಿಗೂ ಹೆಚ್ಚು ಜನರ ಒಟ್ಟು ಸಂಖ್ಯೆ ಅದೇ ವರ್ಷ ಸಿಕ್ಕಿತು.

ಆದರೆ ಗಣತಿ ಹತ್ತು ವರ್ಷಕ್ಕೊಮ್ಮೆ, ವ್ಯಾಪಾರ ದಿನನಿತ್ಯ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯಲ್ಲಿ ಸರಕು ಸಾಗಣೆಯ ಚೀಟಿಗಳು ರಾಶಿ ಬೀಳುತ್ತಿದ್ದವು. ಅಲ್ಲಿ ತಲೆ ಎಣಿಸಿದರೆ ಸಾಲದು, ತೂಕವನ್ನೂ ಹಣವನ್ನೂ ಕೂಡಬೇಕು. ಹಾಲರಿತ್ ಕೂಡುವ ಯಂತ್ರವನ್ನೇ ಮಾಡಿದರು. ಒಮ್ಮೆ ತೂತು ಹಾಕಿದ ಕಾರ್ಡುಗಳನ್ನು ನಿಲ್ದಾಣದ ಪ್ರಕಾರವೂ ಸರಕಿನ ಪ್ರಕಾರವೂ ವಿಂಗಡಿಸಬಹುದಾಯಿತು.

1896ರಲ್ಲಿ ಸ್ವಂತ ಕಂಪನಿ ಕಟ್ಟಿ ಯಂತ್ರಗಳನ್ನು ಬಾಡಿಗೆಗೆ ಕೊಟ್ಟರು. ಬಾಡಿಗೆ ದುಬಾರಿಯೆಂದು ಗಣತಿ ಇಲಾಖೆ ಮುಂದೆ ದೂರವಾದರೂ ವ್ಯಾಪಾರಿಗಳು ಕೈಬಿಡಲಿಲ್ಲ. 1911ರಲ್ಲಿ ಆ ಕಂಪನಿ ಬೇರೆ ಕಂಪನಿಗಳೊಡನೆ ಸೇರಿತು. 1924ರಲ್ಲಿ ಅದಕ್ಕೆ ಐಬಿಎಂ ಎಂಬ ಹೆಸರು ಬಂತು. ಹಾಲರಿತ್ 1929ರಲ್ಲಿ ತೀರಿಕೊಂಡರು.

ಗೆಳೆಯರೇ, ಮಾಹಿತಿ ಕೂಡಿಟ್ಟರೆ ಅರ್ಧ ಕೆಲಸವಷ್ಟೇ. ಬೇಕಾದ ಹೊತ್ತಿಗೆ, ಬೇಕಾದ ರೂಪದಲ್ಲಿ ಕೈಗೆ ಸಿಕ್ಕಾಗಲೇ ಅದು ವ್ಯಾಪಾರಕ್ಕೆ ಬಂಡವಾಳ ಎಂದು ಅವರ ಬದುಕಿನಿಂದ ನಾನು ತಿಳಿದೆ.